ಸಂಬಳ ಹೆಚ್ಚಿಸಿರೆಂದು ಕೇಳುವುದು ಹೇಗೆ?

ಶಿವಾಜಿನಗರದ ರಸೆಲ್ ಮಾರುಕಟ್ಟೆಯಲ್ಲಿ ಒಂದು ಕಟ್ಟು ಕೊತ್ತಂಬರಿ ಸೊಪ್ಪಿನ ಬೆಲೆ ಐದು ರೂಪಾಯಿ ಇಳಿಯಲೆಂದು ಹತ್ತು ನಿಮಿಷ ಚೌಕಾಸಿ ಮಾಡುವ ಗೃಹಸ್ಥರನ್ನು ನಾವೆಲ್ಲರೂ ಕಂಡಿದ್ದೇವೆ. ಅದೇ ಗೃಹಸ್ಥರು ತಮ್ಮ ಇಡೀ ಒಂದು ವರ್ಷದ ದುಡಿಮೆಗೆ ಮೇಲಧಿಕಾರಿ ಹೇಳಿದ ಬೆಲೆಯನ್ನು ಮರುಮಾತಿಲ್ಲದೆ ಒಪ್ಪಿ, ಕಾಗದಕ್ಕೆ ರುಜು ಹಾಕಿ, ಮನೆಗೆ ಬಂದು ಕಾಫಿ ಲೋಟದ ಮುಂದೆ ನಿಟ್ಟುಸಿರು ಬಿಡುತ್ತಾರೆ. ಸೊಪ್ಪಿನ ಬೆಲೆ ಬಲ್ಲವರಿಗೆ ತಮ್ಮ ಬೆಲೆ ತಿಳಿಯದೆ? ತಿಳಿದಿರುತ್ತದೆ, ಕೇಳಲು ಬಾಯಿ ಬಾರದು, ಅಷ್ಟೆ.

ಈ ಮೌನಕ್ಕೆ ನಾವು ಸಭ್ಯತೆಯೆಂದು ಹೆಸರಿಟ್ಟುಕೊಂಡಿದ್ದೇವೆ. ಒಳ್ಳೆಯ ಕೆಲಸ ಮಾಡಿದರೆ ಅವರಾಗಿಯೇ ಕೊಡುತ್ತಾರೆ ಎಂಬುದು ನಮ್ಮ ಹಿರಿಯರು ಕಲಿಸಿದ ಮಾತು. ಆದರೆ ಅಳುವ ಮಗುವಿಗೆ ಮೊದಲು ಹಾಲು ಎಂಬ ಗಾದೆಯನ್ನು ಕಟ್ಟಿದವರೂ ಆ ಹಿರಿಯರೇ ಎಂಬುದನ್ನು ನಾವು ಮರೆಯಬಾರದು. ಹಾಗೆಂದು ಕಚೇರಿಯಲ್ಲಿ ಅತ್ತರೆ ಹಾಲು ಸಿಗುವುದೂ ಇಲ್ಲ. ಅಳದೆ, ಅಬ್ಬರಿಸದೆ, ಲೆಕ್ಕ ಒಪ್ಪಿಸಿ ಕೇಳುವ ಮಧ್ಯಮ ಮಾರ್ಗವೊಂದುಂಟು. ಈ ಲೇಖನ ಅದನ್ನು ಕುರಿತದ್ದು.

ಮೌನದ ಬೆಲೆ

ಮೊದಲು ಮೌನಕ್ಕೆ ತೆರುವ ಬೆಲೆಯನ್ನೇ ನೋಡೋಣ. ತಿಂಗಳಿಗೆ 40,000 ರೂಪಾಯಿ ಸಂಬಳವಿರುವ ಒಬ್ಬರಿಗೆ ಎರಡು ವರ್ಷ ಏನೂ ಹೆಚ್ಚಾಗಲಿಲ್ಲ, ಆ ಅವಧಿಯಲ್ಲಿ ಬೆಲೆಗಳು ವರ್ಷಕ್ಕೆ ಶೇಕಡ 5ರಂತೆ ಏರಿದವು ಎಂದುಕೊಳ್ಳೋಣ. ಮೊದಲಿನ ಮಟ್ಟದಲ್ಲಿ ನಿಲ್ಲುವುದಕ್ಕೇ ಅವರಿಗೆ 44,100 ರೂಪಾಯಿ ಬೇಕು. ಸಂಬಳದ ಚೀಟಿಯಲ್ಲಿ ಅಂಕಿ ಬದಲಾಗಿಲ್ಲ. ಆದರೆ ಮನೆಯೊಳಗೆ ಸಂಬಳ ಇಳಿದಿದೆ. ಕೇಂದ್ರ ಸರ್ಕಾರದ ಕಾರ್ಮಿಕ ಬ್ಯೂರೊ ಪ್ರತಿ ತಿಂಗಳೂ ಪ್ರಕಟಿಸುವ ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕವೂ ಇದನ್ನೇ ಹೇಳುತ್ತದೆ. 2016ನೆಯ ಇಸವಿಯನ್ನು 100 ಎಂದು ಹಿಡಿದ ಈ ಸೂಚ್ಯಂಕ 2024ರ ಕೊನೆಯ ವೇಳೆಗೆ 140ನ್ನು ದಾಟಿತ್ತು. ಅಂದಿನ ನೂರು ರೂಪಾಯಿಯ ಸಾಮಾನಿಗೆ ನೂರನಲವತ್ತು ಕೊಡಬೇಕಾಯಿತೆಂದು ಇದರ ತಾತ್ಪರ್ಯ.

ಇನ್ನೊಂದು ಲೆಕ್ಕ. ಕೇಳಿದ್ದರೆ ತಿಂಗಳಿಗೆ 3,000 ರೂಪಾಯಿ ಹೆಚ್ಚುತ್ತಿತ್ತು, ಸಂಕೋಚದಿಂದ ಕೇಳಲಿಲ್ಲ. ಮೊದಲ ವರ್ಷಕ್ಕೆ ನಷ್ಟ 36,000. ಮುಂದಿನ ಏರಿಕೆಗಳೆಲ್ಲ ಶೇಕಡವಾರು ಲೆಕ್ಕದಲ್ಲಿಯೇ ಬರುವುದರಿಂದ ಈ ನಷ್ಟ ವರ್ಷವರ್ಷವೂ ಬೆಳೆಯುತ್ತದೆ. ವರ್ಷಕ್ಕೆ ಶೇಕಡ 8ರ ಏರಿಕೆಯೆಂದರೂ ಹತ್ತು ವರ್ಷಗಳಲ್ಲಿ ಕೈತಪ್ಪುವ ಮೊತ್ತ 5 ಲಕ್ಷ 21 ಸಾವಿರವನ್ನು ಮೀರುತ್ತದೆ. ಒಂದು ದಿನದ ಸಂಕೋಚಕ್ಕೆ ಮಗಳ ಕಾಲೇಜಿನ ಶುಲ್ಕವನ್ನು ತೆತ್ತಂತಾಯಿತು.

ಹಳೆಯ ಮದರಾಸು ರಸ್ತೆಯ ಪಾಠ

ಸಂಬಳ ಕೇಳುವ ವಿದ್ಯೆಯನ್ನು ಕಲಿಯಲು ಬೆಂಗಳೂರಿನವರು ದೂರ ಹೋಗಬೇಕಾಗಿಲ್ಲ. ಹಲಸೂರಿನಿಂದ ಹೊರಟು, ಇಂದಿರಾನಗರವನ್ನು ಬಲಕ್ಕೆ ಬಿಟ್ಟು, ಕೃಷ್ಣರಾಜಪುರದ ಕಡೆಗೆ ಸಾಗುವ ಹಳೆಯ ಮದರಾಸು ರಸ್ತೆಯೇ ಒಂದು ಪಾಠಶಾಲೆ. ಈ ರಸ್ತೆಯ ಮೇಲೆ ಬೈಯಪ್ಪನಹಳ್ಳಿಯಲ್ಲಿ ಈಗ ಬಾಗಿಲು ಮುಚ್ಚಿರುವ ಎನ್.ಜಿ.ಇ.ಎಫ್. ಇತ್ತು. ಮುಂದೆ ದೂರವಾಣಿನಗರದಲ್ಲಿ 1948ರಲ್ಲಿ ಸ್ಥಾಪಿತವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್. ದಕ್ಷಿಣಕ್ಕೆ ಹೊರಳಿದರೆ 1940ರಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ಆರಂಭಿಸಿದ ವಿಮಾನ ಕಾರ್ಖಾನೆ. ಈ ಕಾರ್ಖಾನೆಗಳ ಸಂಬಳದಿಂದಲೇ ನಗರದ ಪೂರ್ವಭಾಗದಲ್ಲಿ ಎಷ್ಟೋ ಮನೆಗಳು ಎದ್ದವು, ಎಷ್ಟೋ ಮಕ್ಕಳು ಓದಿ ಮುಂದೆ ಬಂದರು.

ಆ ಸಂಬಳವನ್ನು ನಿಗದಿ ಮಾಡುತ್ತಿದ್ದ ಕ್ರಮವನ್ನು ಗಮನಿಸಬೇಕು. ಅಲ್ಲಿ ಯಾವ ಕಾರ್ಮಿಕನೂ ಒಬ್ಬನೇ ಹೋಗಿ ಮ್ಯಾನೇಜರರ ಮೇಜಿನ ಮುಂದೆ ಕೈಕಟ್ಟಿ ನಿಲ್ಲುತ್ತಿರಲಿಲ್ಲ. ಸಂಘದವರು ಹಳೆಯ ಒಪ್ಪಂದದ ಅವಧಿ ಮುಗಿಯುವ ವೇಳೆಗೆ ಬೇಡಿಕೆಗಳ ಪಟ್ಟಿಯೊಂದನ್ನು ಸಿದ್ಧಪಡಿಸುತ್ತಿದ್ದರು. ಬೆಲೆಗಳು ಎಷ್ಟು ಏರಿವೆ, ಬೇರೆ ಕಾರ್ಖಾನೆಗಳಲ್ಲಿ ಏನು ಕೊಡುತ್ತಾರೆ, ಉತ್ಪಾದನೆ ಎಷ್ಟು ಹೆಚ್ಚಿದೆ ಎಂಬ ಅಂಕಿಅಂಶಗಳು ಮಾತುಕತೆಯ ಮೇಜಿಗೆ ಬರುತ್ತಿದ್ದವು. ಒಪ್ಪಿಗೆಯಾದದ್ದು ಬರಹಕ್ಕೆ ಇಳಿದು, ಇಂತಿಷ್ಟು ವರ್ಷ ಎಂಬ ಅವಧಿಯೊಡನೆ ಎರಡೂ ಕಡೆಯವರ ರುಜು ಬೀಳುತ್ತಿತ್ತು.

ಈ ಕ್ರಮ ಎಲ್ಲ ಸಲವೂ ಫಲಿಸಿತೆಂದಲ್ಲ. 1980ರ ಡಿಸೆಂಬರ್ ಕೊನೆಯ ವಾರದಲ್ಲಿ ಐ.ಟಿ.ಐ., ಎಚ್.ಎ.ಎಲ್., ಬಿ.ಇ.ಎಲ್., ಎಚ್.ಎಂ.ಟಿ., ಬಿ.ಇ.ಎಂ.ಎಲ್. ಕಾರ್ಖಾನೆಗಳ ಹತ್ತಾರು ಸಾವಿರ ಕಾರ್ಮಿಕರು ಮುಷ್ಕರ ಹೂಡಿದರು. ಕೇಂದ್ರ ಸರ್ಕಾರದ್ದೇ ಉದ್ಯಮವಾದ ಬಿ.ಎಚ್.ಇ.ಎಲ್.ನಲ್ಲಿ ಕೊಡುವ ವೇತನಕ್ಕೆ ಸಮಾನವಾದ ವೇತನ ತಮಗೂ ಬೇಕೆಂಬುದು ಅವರ ಮುಖ್ಯ ಬೇಡಿಕೆ. ಮುಷ್ಕರ 77 ದಿನ ನಡೆಯಿತು. 1981ರ ಮಾರ್ಚ್‌ನಲ್ಲಿ ಅದು ಮುಗಿದಾಗ ಆ ಸಮಾನತೆ ಕೈಗೂಡಿರಲಿಲ್ಲ. ಎರಡೂವರೆ ತಿಂಗಳು ಸಂಬಳದ ದಿನವೇ ಬಾರದ ಮನೆಗಳಲ್ಲಿ ಗೃಹಿಣಿಯರು ಸಂಸಾರ ತೂಗಿಸಿದ ಬಗೆಯನ್ನು ಯಾವ ಒಪ್ಪಂದದಲ್ಲಿಯೂ ಬರೆದಿಡಲಿಲ್ಲ.

ಆ ಬೇಡಿಕೆ ಅನ್ಯಾಯವಾದುದೆಂದು ಹೇಳುವುದು ನನ್ನ ಉದ್ದೇಶವಲ್ಲ. ಒಂದೇ ಸರ್ಕಾರದ ಎರಡು ಮಕ್ಕಳಲ್ಲಿ ಒಬ್ಬನಿಗೆ ತುಪ್ಪ, ಒಬ್ಬನಿಗೆ ಬರಿಯ ಅನ್ನ ಏಕೆ ಎಂಬ ಪ್ರಶ್ನೆ ಸಹಜವಾದುದೇ. ಆದರೆ ಆ ಪ್ರಸಂಗದಿಂದ ಸಂಬಳಗಾರರೆಲ್ಲರೂ ಕಲಿಯಬೇಕಾದ ಎರಡು ಸಂಗತಿಗಳಿವೆ. ಹೋಲಿಕೆ ಎಷ್ಟೇ ನ್ಯಾಯವಾದುದಾದರೂ ಅದೊಂದೇ ಆಧಾರವಾದಾಗ, ಅವರ ಪರಿಸ್ಥಿತಿ ಬೇರೆ, ನಿಮ್ಮದು ಬೇರೆ ಎಂಬ ಒಂದೇ ಮಾತಿನಿಂದ ಎದುರಿನವರು ಅದನ್ನು ಬದಿಗೆ ಸರಿಸಬಹುದು. ಇದು ಮೊದಲನೆಯದು. ಎರಡನೆಯದು, ಬೀಗದ ಕೈ ಯಾರ ಬಳಿಯಿದೆ ಎಂಬುದು. ಬೆಂಗಳೂರಿನಲ್ಲಿ ಮಾತುಕತೆಗೆ ಕುಳಿತ ಅಧಿಕಾರಿಗಳು ತಮ್ಮಷ್ಟಕ್ಕೆ ತಾವೇ ಹೂಂ ಎನ್ನುವಂತಿರಲಿಲ್ಲ. ಕೊನೆಯ ಮಾತು ದೆಹಲಿಯದು, ಸಾರ್ವಜನಿಕ ಉದ್ಯಮಗಳ ಬ್ಯೂರೊ ಹಾಕಿಕೊಟ್ಟ ಗೆರೆಯದು. ಯಾರ ಕೈಯಲ್ಲಿ ಕೊಡುವ ಅಧಿಕಾರವಿಲ್ಲವೋ ಅವರೊಡನೆ ಎಷ್ಟು ವಾದಿಸಿದರೂ ಗೋಡೆಗೆ ಹೇಳಿದಂತೆ.

ನೆಲ, ಬಾಗಿಲು, ಸೂರು

ಸಂಬಳ ಹೆಚ್ಚಿಸಿರೆಂದು ಕೇಳುವವರು ಮುಂದಿಡುವ ಕಾರಣಗಳನ್ನು ಜಾಲಿಸಿ ನೋಡಿದರೆ ಮೂರೇ ಉಳಿಯುತ್ತವೆ: ನನಗೆ ಅಗತ್ಯವಿದೆ, ಇತರರಿಗೆ ಇಷ್ಟು ಕೊಡುತ್ತಾರೆ, ನನ್ನಿಂದ ನಿಮಗೆ ಇಷ್ಟು ಲಾಭವಿದೆ.

ಅಗತ್ಯವೆಂಬುದು ನೆಲ. 1957ರಲ್ಲಿ ನಡೆದ ಹದಿನೈದನೆಯ ಭಾರತೀಯ ಕಾರ್ಮಿಕ ಸಮ್ಮೇಳನ ಈ ನೆಲವನ್ನು ಅಳೆದುಕೊಟ್ಟಿತು. ದುಡಿಯುವವನೊಬ್ಬನಿಗೆ ಮೂವರು ವಯಸ್ಕರ ಬಳಕೆಯಷ್ಟು ಸಂಸಾರ, ಡಾಕ್ಟರ್ ಅಯ್‌ಕ್ರಾಯ್ಡ್ ಸೂಚಿಸಿದ ಪ್ರಮಾಣದಲ್ಲಿ ಆಹಾರ, ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆಬಾಡಿಗೆ, ಸೌದೆ, ದೀಪ ಮತ್ತು ಇತರ ಬಾಬುಗಳಿಗೆ ಶೇಕಡ 20. ಮಕ್ಕಳ ವಿದ್ಯೆ, ಔಷಧೋಪಚಾರ, ಹಬ್ಬ, ಮುಪ್ಪು, ಮದುವೆ ಇವುಗಳಿಗೆಂದು ಇನ್ನೂ ಶೇಕಡ 25 ಸೇರಬೇಕೆಂದು 1991ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಹೀಗೆ ಅಗತ್ಯದ ವಾದ ಕನಿಷ್ಠ ವೇತನಕ್ಕೆ ಭದ್ರವಾದ ಬುನಾದಿ. ಆದರೆ ಆ ನೆಲದಿಂದ ಮೇಲಕ್ಕೆ ಹೋದಂತೆ ಈ ವಾದದ ಬಲ ಕುಗ್ಗುತ್ತದೆ. ಫ್ಲಾಟಿನ ಸಾಲದ ಕಂತನ್ನು ತೋರಿಸಿ ಸಂಬಳ ಕೇಳಿದರೆ, ಸಾಲ ಮಾಡಿರೆಂದು ನಾವು ಹೇಳಿದ್ದೆವೆ ಎಂದು ಯಜಮಾನರು ಮನಸ್ಸಿನಲ್ಲಿಯೇ ಅಂದುಕೊಳ್ಳುತ್ತಾರೆ.

ಹೋಲಿಕೆಯೆಂಬುದು ಬಾಗಿಲು. ಮಾತು ಆರಂಭಿಸಲು ಅದು ಬೇಕು. ಒಳಗೆ ಹೋದ ಮೇಲೆ ಬಾಗಿಲಲ್ಲಿಯೇ ನಿಂತಿರಬಾರದು.

ಕೊಡುವವರ ಶಕ್ತಿಯೆಂಬುದು ಸೂರು. 1948ರಲ್ಲಿ ನೇಮಕವಾದ ನ್ಯಾಯವೇತನ ಸಮಿತಿ, ಕನಿಷ್ಠ ವೇತನ ಕೆಳಗಿನ ಮಿತಿಯೆಂದೂ ಉದ್ಯಮದ ಕೊಡುವ ಶಕ್ತಿ ಮೇಲಿನ ಮಿತಿಯೆಂದೂ ಇವೆರಡರ ನಡುವೆ ನ್ಯಾಯವಾದ ವೇತನ ನಿಲ್ಲುತ್ತದೆಂದೂ ವಿವರಿಸಿತು. ನೆಲಕ್ಕೂ ಸೂರಿಗೂ ನಡುವಣ ಅವಕಾಶದಲ್ಲಿ ನೀವು ಎಲ್ಲಿ ನಿಲ್ಲುತ್ತೀರಿ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಮೂರನೆಯ ಕಾರಣ, ಎಂದರೆ ನಿಮ್ಮ ಕೆಲಸದ ಬೆಲೆ. ನಮ್ಮವರು ಎಲ್ಲಕ್ಕಿಂತ ಕಡಿಮೆ ಸಿದ್ಧತೆ ಮಾಡಿಕೊಳ್ಳುವುದು ಈ ವಿಷಯದಲ್ಲಿಯೇ.

ಬೇಡಿಕೆಯ ಪಟ್ಟಿ ಮನೆಯಲ್ಲಿ ಸಿದ್ಧವಾಗಲಿ

ಇಂದು ಇಂದಿರಾನಗರದಿಂದ ವೈಟ್‌ಫೀಲ್ಡಿನವರೆಗೆ ಗಾಜಿನ ಕಟ್ಟಡಗಳಲ್ಲಿ ದುಡಿಯುವ ಬಹುಮಂದಿಗೆ ಸಂಘವಿಲ್ಲ. ಪಕ್ಕದ ಕುರ್ಚಿಯವರ ಸಂಬಳ ಗುಟ್ಟು. ಮೇಜಿನ ಆಚೆ ಬದಿಯಲ್ಲಿ ಇಡೀ ಕಂಪೆನಿಯ ಅಂಕಿಅಂಶಗಳನ್ನು ಬಲ್ಲವರು. ಈಚೆ ಬದಿಯಲ್ಲಿ ಒಬ್ಬಂಟಿ. ಅಂದು ಸಂಘದ ಕಾರ್ಯದರ್ಶಿಗಳು ಮಾಡುತ್ತಿದ್ದ ಕೆಲಸವನ್ನು ಇಂದು ಪ್ರತಿಯೊಬ್ಬರೂ ತಮಗಾಗಿ ತಾವೇ ಮಾಡಿಕೊಳ್ಳಬೇಕಾಗಿದೆ.

ಹಿಂದೆ ನನ್ನ ತರಗತಿಯಲ್ಲಿ ಓದಿದ ತರುಣನೊಬ್ಬ ಕಚೇರಿಯೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದಾನೆ. ಮೇಲಧಿಕಾರಿಯನ್ನು ಕಾಣುವ ಮುನ್ನ ಸಲಹೆ ಕೇಳಲು ಬಂದ. “ಬಾಡಿಗೆ ಏರಿದೆ ಸಾರ್, ತಂಗಿಯ ಮದುವೆಯಿದೆ, ಅಪ್ಪನ ಔಷಧಿಯ ಖರ್ಚಿದೆ. ಇದನ್ನೆಲ್ಲ ಹೇಳೋಣವೆಂದಿದ್ದೇನೆ” ಎಂದ.

“ಇದು ನಿನ್ನ ಖರ್ಚಿನ ಪಟ್ಟಿಯಾಯಿತಲ್ಲಪ್ಪ. ನಿನ್ನಿಂದ ಅವರಿಗೆ ಆದ ಜಮೆಯ ಪಟ್ಟಿ ಎಲ್ಲಿ?” ಎಂದು ಕೇಳಿದೆ.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಬಳಿಕ ಒಂದೊಂದಾಗಿ ಹೊರಬಂದವು. ತಿಂಗಳ ಕೊನೆಯಲ್ಲಿ ಹನ್ನೆರಡು ದಿನ ಹಿಡಿಯುತ್ತಿದ್ದ ಲೆಕ್ಕ ಈಗ ಐದು ದಿನಗಳಲ್ಲಿ ಮುಗಿಯುತ್ತದೆ. ಕೆಲಸ ಬಿಟ್ಟುಹೋದ ಒಬ್ಬರ ಜಾಗಕ್ಕೆ ಯಾರೂ ಬಂದಿಲ್ಲ. ಆ ಹೊರೆ ಇವನ ಹೆಗಲ ಮೇಲಿದೆ. ಎರಡು ವರ್ಷಗಳಿಂದ ಬಾಕಿ ನಿಂತಿದ್ದ ಹಣವನ್ನು ಇವನು ಪತ್ರ ಬರೆದೂ ಬರೆದೂ ವಸೂಲು ಮಾಡಿದ್ದಾನೆ. ಇಷ್ಟನ್ನೂ ಅವನು ಕೆಲಸವೆಂದು ಎಣಿಸಿದ್ದನೇ ಹೊರತು ಬೆಲೆಯೆಂದು ಎಣಿಸಿರಲಿಲ್ಲ. ಅವನು ಶೇಕಡ 18 ಕೇಳಿದ. ಶೇಕಡ 11 ಸಿಕ್ಕಿತು. ಆರು ತಿಂಗಳ ಬಳಿಕ ಮತ್ತೆ ಪರಿಶೀಲಿಸುವುದಾಗಿ ಬರಹದಲ್ಲಿ ಮಾತೂ ಸಿಕ್ಕಿತು.

ಆದ್ದರಿಂದ ವರ್ಷದುದ್ದಕ್ಕೂ ಒಂದು ಪುಸ್ತಕವನ್ನಿಡಿ. ಹಾಲಿನ ಲೆಕ್ಕ ಬರೆಯುವಂತೆ ನಿಮ್ಮ ಕೆಲಸದ ಲೆಕ್ಕವನ್ನೂ ತಿಂಗಳಿಗೊಮ್ಮೆ ಬರೆಯಿರಿ: ಏನನ್ನು ಉಳಿಸಿದಿರಿ, ಏನನ್ನು ಗಳಿಸಿಕೊಟ್ಟಿರಿ, ಯಾವ ಹೊಸ ಹೊಣೆ ಹೊತ್ತಿರಿ. ನಿಮ್ಮಂಥ ಕೆಲಸಕ್ಕೆ ಊರಿನಲ್ಲಿ ನಡೆಯುವ ಸಂಬಳವನ್ನು ಇಬ್ಬರು ಮೂವರಿಂದ ವಿಚಾರಿಸಿಕೊಳ್ಳಿ. ಆಮೇಲೆ ಮನೆಯವರೊಡನೆ ಕುಳಿತು ಎರಡು ಅಂಕಿಗಳನ್ನು ಗೊತ್ತುಮಾಡಿಕೊಳ್ಳಿ: ಬಾಯಿಬಿಟ್ಟು ಕೇಳುವ ಅಂಕಿ, ಮತ್ತು ಇದಕ್ಕಿಂತ ಕೆಳಗೆ ಒಪ್ಪಲಾರೆವೆಂಬ ಅಂಕಿ. ಎರಡನೆಯದು ನಿಮ್ಮ ಮನೆಯಲ್ಲಿಯೇ ಇರಲಿ.

ಹೊತ್ತು ನೋಡಿ ಮಾತು

ಗಾಳಿ ಬಂದಾಗ ತೂರಿಕೊಳ್ಳಬೇಕು. ನಮ್ಮಲ್ಲಿ ಬಹಳ ಕಂಪೆನಿಗಳ ಲೆಕ್ಕದ ವರ್ಷ ಏಪ್ರಿಲ್‌ನಲ್ಲಿ ಆರಂಭವಾಗುತ್ತದೆ. ಯಾವ ವಿಭಾಗಕ್ಕೆ ಎಷ್ಟು ಎಂಬ ಹಂಚಿಕೆ ಅದಕ್ಕೆ ಮುಂಚೆಯೇ ಮುಗಿದಿರುತ್ತದೆ. ಪತ್ರ ಕೈಗೆ ಬಂದ ಮೇಲೆ ಕೇಳುವುದು ಪಂಕ್ತಿ ಎದ್ದ ಮೇಲೆ ಎಲೆ ಹಾಕಿದಂತೆ. ಎರಡು ಮೂರು ತಿಂಗಳು ಮೊದಲೇ ಮಾತು ಕಿವಿಗೆ ಬೀಳಬೇಕು. ಮಾತಾಡುವ ಮುನ್ನ, ಈ ಅಧಿಕಾರಿಯವರೇ ತೀರ್ಮಾನಿಸುವವರೋ, ಅವರು ಇನ್ನೊಬ್ಬರಿಗೆ ಶಿಫಾರಸು ಮಾಡಬೇಕೋ ಎಂಬುದನ್ನು ತಿಳಿದುಕೊಳ್ಳಿ. ಶಿಫಾರಸು ಮಾಡುವವರಾದರೆ ಅವರು ಮೇಲಕ್ಕೆ ಒಯ್ಯಲು ಅನುಕೂಲವಾಗುವಂತೆ ಒಂದು ಪುಟದ ಟಿಪ್ಪಣಿಯನ್ನು ಕೊಟ್ಟು ಬನ್ನಿ. 1981ರ ಪಾಠ ಇಲ್ಲಿ ಕೆಲಸಕ್ಕೆ ಬರುತ್ತದೆ.

ಎದುರು ಕುಳಿತಾಗ ಪೀಠಿಕೆ ಚಿಕ್ಕದಿರಲಿ. “ಈ ವರ್ಷ ನಾನು ಮಾಡಿದ ಕೆಲಸ ಇದು, ಹೊತ್ತ ಹೊಣೆ ಇದು. ಈ ಕೆಲಸಕ್ಕೆ ಹೊರಗೆ ನಡೆಯುವ ಸಂಬಳ ಇಷ್ಟಿದೆ. ನನ್ನ ಸಂಬಳವನ್ನು ಇಷ್ಟಕ್ಕೆ ಏರಿಸಬೇಕೆಂದು ಕೋರುತ್ತೇನೆ.” ಇಷ್ಟು ಹೇಳಿ ಸುಮ್ಮನಾಗಿ. ಆ ಮೌನವನ್ನು ತಾಳಲಾರದೆ ನಾವೇ ಬಾಯಿ ಹಾಕಿ, ಅಷ್ಟಾಗದಿದ್ದರೆ ಇಷ್ಟಾದರೂ ಕೊಡಿ ಎಂದುಬಿಡುವುದುಂಟು. ಕೇಳಿದ ಬೆಲೆಯನ್ನು ಕೇಳಿದವರೇ ಇಳಿಸಿದರೆ ಕೊಡುವವರಿಗೆ ಕೆಲಸವೇ ಉಳಿಯುವುದಿಲ್ಲ. ಬೇರೆ ಕಡೆ ಕೆಲಸ ಸಿಕ್ಕಿದೆ ಎಂಬ ಬೆದರಿಕೆಯನ್ನು, ನಿಜವಾಗಿಯೂ ಸಿಕ್ಕಿದ್ದು ಹೋಗಲು ಮನಸ್ಸು ಸಿದ್ಧವಿದ್ದ ಹೊರತು ಆಡಬಾರದು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬುದು ಈ ಕೋಣೆಗೂ ಸಲ್ಲುವ ಮಾತೇ.

ಹೆಣ್ಣುಮಕ್ಕಳಿಗೆ ಒಂದು ಮಾತು. ಒಂದೇ ಬಗೆಯ ಕೆಲಸಕ್ಕೆ ಗಂಡಸಿಗೂ ಹೆಂಗಸಿಗೂ ಸಮಾನ ವೇತನವೆಂಬುದು 1976ರಿಂದ ಈ ದೇಶದ ಕಾನೂನು. ಗಂಡನ ಸಂಬಳವಿದೆಯಲ್ಲ, ನಿಮಗೇನು ಅವಸರ ಎಂಬ ಮಾತನ್ನು ಯಾರಾದರೂ ಆಡಿದರೆ, ಅದು ನಗುತ್ತ ಆಡಿದ ಮಾತಾದರೂ, ನಕ್ಕು ಸುಮ್ಮನಾಗಬೇಕಾಗಿಲ್ಲ. ವಿಷಯವನ್ನು ಮತ್ತೆ ಕೆಲಸದ ಲೆಕ್ಕಕ್ಕೇ ತಂದು ನಿಲ್ಲಿಸಿ.

ಕೊಟ್ಟದ್ದನ್ನು ಬಿಡಿಸಿ ನೋಡಿ

ಹೆಚ್ಚಿಸಿದ್ದೇವೆ ಎಂದೊಡನೆ ಹಿಗ್ಗಬೇಡಿ. ಯಾವ ಬಾಬಿನಲ್ಲಿ ಹೆಚ್ಚಿಸಿದ್ದಾರೆ ಎಂದು ನೋಡಿ. ಸಿ.ಟಿ.ಸಿ. ಎಂದು ಕರೆಯುವ ಮೊತ್ತ ಕಂಪೆನಿಗೆ ತಗಲುವ ಒಟ್ಟು ವೆಚ್ಚವೇ ಹೊರತು ನಿಮ್ಮ ಕೈಗೆ ಬರುವ ಹಣವಲ್ಲ. ಅದರಲ್ಲಿ ಭವಿಷ್ಯನಿಧಿಗೆ ಕಂಪೆನಿ ಕಟ್ಟುವ ಪಾಲೂ ಗ್ರಾಚ್ಯುಟಿಯ ಬಾಬೂ ಸೇರಿರುವುದುಂಟು. ಮೂಲವೇತನದಲ್ಲಿ ಬಂದ ಏರಿಕೆ ಭತ್ಯಗಳಲ್ಲಿ ಬಂದ ಏರಿಕೆಗಿಂತ ಬಾಳಿಕೆ ಬರುತ್ತದೆ. ಗ್ರಾಚ್ಯುಟಿಯನ್ನು ವರ್ಷಕ್ಕೆ 15 ದಿನಗಳ ವೇತನದಂತೆ, ತಿಂಗಳಿಗೆ 26 ದಿನವೆಂದು ಹಿಡಿದು ಕಟ್ಟುತ್ತಾರೆ. ಗ್ರಾಚ್ಯುಟಿಯ ಲೆಕ್ಕಕ್ಕೆ ಸೇರುವ ವೇತನದಲ್ಲಿ 2,000 ರೂಪಾಯಿ ಹೆಚ್ಚಿದರೆ ಇಪ್ಪತ್ತು ವರ್ಷದ ಸೇವೆಗೆ ಸುಮಾರು 23,000 ರೂಪಾಯಿ ಗ್ರಾಚ್ಯುಟಿಯೂ ಹೆಚ್ಚುತ್ತದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಂತೆ, ಭತ್ಯಗಳು ಒಟ್ಟಿನ ಅರ್ಧವನ್ನು ಮೀರಿದರೆ ಮೀರಿದ ಭಾಗವನ್ನೂ ವೇತನವೆಂದೇ ಎಣಿಸಬೇಕು. ಸಂಬಳದ ಚೀಟಿಯನ್ನು ಮನೆಯವರಿಬ್ಬರೂ ಕೂಡಿ ಓದುವುದು ಒಳ್ಳೆಯದು.

ಇಲ್ಲವೆಂದರೆ? ಇಲ್ಲ ಎಂಬುದಕ್ಕೂ ಹಲವು ಅರ್ಥಗಳುಂಟು. ಈಗ ಹಣವಿಲ್ಲ ಎಂದರೆ ಯಾವಾಗ ಎಂದು ಕೇಳಿ. ನಿಮ್ಮ ಕೆಲಸ ಸಾಲದು ಎಂದರೆ ಎಷ್ಟಾದರೆ ಸಾಕು ಎಂದು ಕೇಳಿ. ಉತ್ತರವನ್ನು ಅಂದೇ ಸಂಜೆ ಸೌಜನ್ಯದ ನಾಲ್ಕು ಸಾಲುಗಳಲ್ಲಿ ಬರೆದು ಕಳುಹಿಸಿ. ಹಣದ ಬದಲು ರಜೆ, ಶಿಕ್ಷಣದ ವೆಚ್ಚ, ಹುದ್ದೆಯ ಹೆಸರು, ಮನೆಯಿಂದಲೇ ಕೆಲಸ ಮಾಡುವ ದಿನಗಳು ಇವುಗಳಲ್ಲಿ ಒಂದನ್ನು ಪಡೆಯಬಹುದು. ಎರಡು ಮೂರು ಸಲವೂ ಉತ್ತರ ಬರಿಯ ಇಲ್ಲವೇ ಆದರೆ, ಬೇರೆ ಬಾಗಿಲನ್ನು ನೋಡುವ ಕಾಲ ಬಂದಿದೆಯೆಂದು ತಿಳಿಯಬೇಕು.

ನಮ್ಮ ಮನೆಯ ಬಾಗಿಲಲ್ಲಿ

ಇಷ್ಟು ಹೊತ್ತು ಕೇಳುವವರ ಪಕ್ಷ ವಹಿಸಿ ಮಾತಾಡಿದೆ. ಈ ಪತ್ರಿಕೆಯನ್ನು ಓದುವ ಮನೆಗಳಲ್ಲಿ ಕೊಡುವವರೂ ಇದ್ದಾರೆ. ಹಲಸೂರಿನ ಓಣಿಗಳಿಂದ ಬೆಳಗಿನ ಏಳಕ್ಕೆ ಬಂದು ಮೂರು ಮನೆಗಳ ಪಾತ್ರೆ ತೊಳೆದು, ನೆಲ ಒರೆಸಿ ಹೋಗುವ ಹೆಂಗಸು ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು, “ಅಮ್ಮಾ, ಮುಂದಿನ ತಿಂಗಳಿಂದ ಐನೂರು ಹೆಚ್ಚಿಗೆ ಮಾಡಿಕೊಡಿ” ಎಂದರೆ ನಾವು ಏನೆನ್ನುತ್ತೇವೆ? ಪಕ್ಕದ ಮನೆಯವರು ಇಷ್ಟೇ ಕೊಡುವುದು ಎನ್ನುತ್ತೇವೆ. ಮುಂದೆ ನೋಡೋಣ ಎನ್ನುತ್ತೇವೆ. ನಮ್ಮ ಮೇಲಧಿಕಾರಿ ನಮಗೆ ಹೇಳಿದ ಮಾತುಗಳೇ ನಮ್ಮ ಬಾಯಿಂದ ಬರುತ್ತವೆ.

ಮನೆಗೆಲಸದವರಿಗೂ ಕನಿಷ್ಠ ವೇತನವನ್ನು ಗೊತ್ತುಪಡಿಸಿ 2004ರಲ್ಲಿ ಅಧಿಸೂಚನೆ ಹೊರಡಿಸಿದ್ದು ನಮ್ಮ ಕರ್ನಾಟಕ ಸರ್ಕಾರ. ಆ ಹೆಂಗಸಿನ ಬಳಿ ಟಿಪ್ಪಣಿಯಿಲ್ಲ, ಸೂಚ್ಯಂಕವಿಲ್ಲ, ಸಂಘದ ಕಾರ್ಯದರ್ಶಿಯೂ ಇಲ್ಲ. ಆದರೆ ಅವಳು ಒಂದು ದಿನ ಬಾರದಿದ್ದರೆ ನಮ್ಮ ಮನೆಯ ಬೆಳಗು ಏನಾಗುತ್ತದೆಂಬುದೇ ಅವಳ ಕೆಲಸದ ಬೆಲೆಯ ಲೆಕ್ಕ. ಅವಳು ಬೇಡುತ್ತಿಲ್ಲ, ಲೆಕ್ಕ ಒಪ್ಪಿಸುತ್ತಿದ್ದಾಳೆ. ಆಕೆಯನ್ನು ಒಳಗೆ ಕರೆದು ಕೂರಿಸಿ, ಅಕ್ಕಿಯ ಬೆಲೆಯನ್ನೂ ಅವಳ ಬಸ್ಸಿನ ಖರ್ಚನ್ನೂ ಕೂಡಿಸಿ ನೋಡಿ, ಇಷ್ಟು ಕೊಡುತ್ತೇವೆ, ವರ್ಷಕ್ಕೊಮ್ಮೆ ಇಂಥ ತಿಂಗಳಲ್ಲಿ ಹೆಚ್ಚಿಸುತ್ತೇವೆ ಎಂದು ಬಾಯಿಬಿಟ್ಟು ಹೇಳಲು ನಮಗೆ ಯಾವ ಬ್ಯೂರೊದ ಅಪ್ಪಣೆಯೂ ಬೇಕಾಗಿಲ್ಲ. ಬೀಗದ ಕೈ ನಮ್ಮ ಸೆರಗಿನಲ್ಲಿಯೇ ಇದೆ.